ಚುಕ್ತಾ

ನಾಲ್ಕು ಸಾವಿರ ಯೂರೋ ಲಕೋಟೆಯಲ್ಲಿಟ್ಟುಕೊಂಡು
ಬ್ರೆಮರ್‌ಹಾಫನ್ನಿನಲ್ಲೊಂದು ಮೂರನೇ ಮಹಡಿ ಹತ್ತಿದೆ.
ಮೆಟ್ಟಿಲ ತುಂಬ ಹುರಿದ ಈರುಳ್ಳಿ, ನೆಲಕ್ಕುಜ್ಜಿದ ಮೇಣ.
ಬಾಗಿಲಿಗೆ ಹಿತ್ತಾಳೆ ಫಲಕ: ವೀಬ್ಕೆ ಟೋರ್ಮೇಲನ್.
ಕರೆಗಂಟೆ ಒತ್ತುವ ಮುಂಚೆ ಕನ್ನಡಕ ಒರೆಸಿಕೊಂಡೆ,
ಹೆಣ್ಣು ನೋಡಲು ಬಂದವನ ಹಾಗೆ.

ವೃತ್ತಿಯಿಂದ ನಾನು ಹಲ್ಲಿನ ಸೆಟ್ಟು ಕಟ್ಟುವವನು.
ಮೂವತ್ತೆಂಟು ವರ್ಷ ಕಂಡವರ ಬಾಯಿಯ ಅಚ್ಚಿನಲ್ಲೇ ಕಳೆದೆ.
ಸಂಜೆಗಳು ಮಾತ್ರ ಟಿನ್ ಲ್ಯಾಂಟರ್ನ್ಸ್‌ಗೆ ಮೀಸಲು:
ಲೋಕ ಅವರ ಹೆಸರು ಕೇಳುವ ಮುಂಚಿನ ಎರಡು ಚಳಿಗಾಲ,
ಹಲ್ ಬಂದರಿನಿಂದ ಹಡಗು ಹತ್ತಿ ಬಂದ ಐದು ಹುಡುಗರು
ಇಲ್ಲಿ, ಮೀನುಗಾರರ ಮುಂದೆ, ರಾತ್ರಿಗೆ ಆರು ತಾಸು
ಗಂಟಲು ಹರಿದುಕೊಂಡ ಚಳಿಗಾಲ.
ಆಮೇಲಿನದು ನನಗೆ ಬೇಡ. ಆಮೇಲಿನದು
ಎಲ್ಲರ ಮನೆಯಲ್ಲೂ ಇದೆ.

ಬಿಯರ್ ಲೋಟದಡಿಯ ಬಿಲ್ಲೆಯೊಂದು ನನ್ನಲ್ಲಿದೆ, ಮೂವರ ರುಜು;
ನಾಲ್ಕನೆಯದು ಒದ್ದೆಯಾಗಿ ಹೂವಾಗಿಬಿಟ್ಟಿದೆ.
ಡ್ರಮ್ಮಿನ ವಿಲ್ಫ್ ಗಿರವಿಯಿಟ್ಟ ಗಡಿಯಾರದ ಚೀಟಿಯೂ ಇದೆ.
ಅವನು ಹೆಸರು ಬರೆದದ್ದು ಅದೇ ಕೊನೆ.
ಮೊದಲ ತಟ್ಟೆ ಬರುವಷ್ಟರಲ್ಲಿ ಅವನ ಜಾಗದಲ್ಲಿ ಬೇರೊಬ್ಬ.

ಕಳ್ಳ ರುಜು ಹಿಡಿಯಲು ಭೂತಗನ್ನಡಿ ಸಾಕು.
ಸುಳ್ಳು ಕೈ ನಿಧಾನ; ತಿರುವಿನಲ್ಲಿ ನಿಂತು ದಾರಿ ಕೇಳುತ್ತದೆ,
ನಿಂತಲ್ಲೊಂದು ಶಾಯಿಯ ಚುಕ್ಕೆ, ಉಸಿರು ಬಿಗಿಹಿಡಿದ ಚುಕ್ಕೆ.
ನಿಜದ ಕೈಗೆ ಪುರುಸೊತ್ತಿಲ್ಲ.

ಬಾಗಿಲು ತೆರೆಯಿತು. ಎಂಬತ್ತು ದಾಟಿದ ಹೆಂಗಸು,
ಕೈಯಲ್ಲಿ ಆಲೂಗಡ್ಡೆ ಸುಲಿಯುವ ಚಾಕು.
“ಪುಸ್ತಕ ತಾನೇ? ಶೂ ಬಿಡಿ.”
ಅಡುಗೆಮನೆಯ ರೇಡಿಯೋ ಸಮುದ್ರದ ಹವೆ ಓದುತ್ತಿತ್ತು,
ವಾಯುವ್ಯದ ಗಾಳಿ, ಬಲ ಆರು, ಸಂಜೆಗೆ ಏಳು.
ಎಣ್ಣೆಬಟ್ಟೆಯ ಮೇಜಿನ ಮೇಲೆ ನೀಲಿ ಲಂಗರು ಹೋಟೆಲಿನ
ಉದ್ರಿ ಪುಸ್ತಕ.

ಪುಟ ನಲವತ್ತೊಂದು. ಇಂಜಿನ್ ಕೋಣೆಯ ಯಾರೋ, ಮೂರು ಬಿಯರು.
ಅದರ ಕೆಳಗೆ ಬಟಾಣಿ ಸಾರು ಐದು, ಬ್ರೆಡ್ಡು ಐದು,
ಸಾಸೇಜು ಎರಡು, ಐವರಿಗೂ ಸೇರಿ.
ಹನ್ನೊಂದು ಮಾರ್ಕು ನಲವತ್ತು.
ಪಕ್ಕದಲ್ಲಿ ಗಾರ್ಸೈಡ್,
ಒಂದೇ ಎಳೆತ, ಎಲ್ಲೂ ಚುಕ್ಕೆಯಿಲ್ಲ.
ಸಾರು ಆರುತ್ತಿದೆಯೆಂದು ಆ ಕೈಗೆ ಗೊತ್ತಿತ್ತು.

ಲಕೋಟೆ ಮುಂದಿಟ್ಟೆ. ಅವಳು ಅದರತ್ತ ನೋಡಲಿಲ್ಲ.
“ನಾಳೆ ಕೊಡ್ತೀನಿ ಅಂದ. ನಾಳೆ ಹಡಗು ಹತ್ತಿದ.
ಯಜಮಾನ ನನ್ನ ಸಂಬಳದಲ್ಲಿ ಮುರಿದುಕೊಂಡ.
ಆಮೇಲೆ ಟೀವಿಯಲ್ಲಿ ಕಂಡೆ, ಬಿಳಿ ಕಾರು,
ಕಿರಿಚೋ ಹುಡುಗಿಯರು. ನಾನು ಕಿರಿಚಲಿಲ್ಲ.
ಹನ್ನೊಂದು ನಲವತ್ತು ಅಂದೆ, ಟೀವಿಗೇ.”

“ಎಷ್ಟಕ್ಕೆ ಮಾರ್ತೀರಿ?”
“ಉದ್ರೀನ ಯಾರಾದ್ರೂ ಮಾರ್ತಾರಾ? ತೀರಿಸಬಹುದು.”
ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಹಾಕಿದಳು:
ಐದು ಯೂರೋ ಎಂಬತ್ಮೂರು ಸೆಂಟು.
“ಬಡ್ಡಿ?”
“ಹಸಿದು ಬಂದೋರಿಗೆ ಬಡ್ಡಿಯಾ?”

ಆರು ಕೊಟ್ಟೆ. ಒಡೆದ ಬಸಿಯಿಂದ
ಹದಿನೇಳು ಸೆಂಟು ಚಿಲ್ಲರೆ ಎಣಿಸಿದಳು.
ಆಮೇಲೆ ಡ್ರಾಯರಿನಿಂದ ಅಡಿಪಟ್ಟಿ ತೆಗೆದಳು, ಕೆಂಪು ಪೆನ್ನು ತೆಗೆದಳು.
ನನಗೆ ಅರ್ಥವಾಗುವಷ್ಟರಲ್ಲಿ
ಸಾರಿನ ಮೇಲೆ, ಸಾಸೇಜಿನ ಮೇಲೆ, ಗಾರ್ಸೈಡಿನ ಮೇಲೆ
ನೆಟ್ಟಗೆ ಒಂದು ಗೆರೆ.
ನನ್ನ ಗಂಟಲಿಂದ ಏನೋ ಹೊರಟಿತು, ಮಾತಲ್ಲ.
“ತೀರಿದ ಮೇಲೆ ಹೊಡೆದು ಹಾಕಲೇಬೇಕು,” ಅಂದಳು,
“ಇಲ್ಲದಿದ್ರೆ ಅವನು ಇನ್ನೂ ಸಾಲಗಾರ.”
ಚುಕ್ತಾ ಎಂದು ಬರೆದು, ತಾರೀಖು ಹಾಕಿ,
ಕೆಳಗೆ ತನ್ನ ರುಜು.
ಪುಟ ಹರಿದು ಕೊಟ್ಟಳು, ಉಳಿದ ಆಲೂಗಡ್ಡೆಗೆ ಕೂತಳು.

ಹಿಂದಿರುಗುವ ರೈಲು ಸ್ಟುಬ್ಬೆನ್ ದಾಟಿತ್ತು.
ಭೂತಗನ್ನಡಿ ತೆಗೆದೆ. ಗಾರ್ಸೈಡನ್ನು ನೋಡಲಿಲ್ಲ.
ವೀಬ್ಕೆಯ ಮೊದಲ ಅಕ್ಷರ ಮೂರು ಕಡೆ ನಿಂತಿತ್ತು,
ಮೂರು ಕಡೆಯೂ ಚುಕ್ಕೆ; ಟೋರ್ಮೇಲನ್ ಅರ್ಧದಲ್ಲಿ ನಡುಗಿ
ಪೆನ್ನೆತ್ತಿ ಮತ್ತೆ ಶುರುವಾಗಿತ್ತು.
ನನ್ನ ವಿದ್ಯೆ ಕೇಳಿದರೆ
ನಕಲಿ ಎನ್ನುತ್ತದೆ.
ಪಕ್ಕದ ಸೀಟಿನ ಹುಡುಗ ಬಗ್ಗಿ ನೋಡಿ ಕೇಳಿದ,
ಯಾರದು, ದೊಡ್ಡವರದಾ?