ಆಸಿಡ್ಡಿಗೆ ಕೊಟ್ಟದ್ದು

ಸಂಡೇ ಬಜಾರಿನಲ್ಲಿ, ಮುಚ್ಚಳವಿಲ್ಲದ ಮಿಕ್ಸಿಗೂ
ಒಂಟಿ ಶೂಗಳ ರಾಶಿಗೂ ನಡುವೆ ಸಿಕ್ಕ ಹಾಳೆ.
ಮುನ್ನೂರು ಅಂದವನು ನೂರಾಎಂಬತ್ತಕ್ಕೆ ಬಿಟ್ಟ.
ಇಟಲಿಯದಂತೆ. ಮುನ್ನೂರೈವತ್ತು ವರ್ಷದ ಹಿಂದಿನದಿರಬಹುದು,
ತಗಡು ಒತ್ತಿದ ಅಂಚು ಇನ್ನೂ ಬೆರಳಿಗೆ ಸಿಗುತ್ತದೆ.
ಅಗಲ ಕಾಲರಿನವನೊಬ್ಬ. ಹೆಸರಿದ್ದ ಜಾಗ
ಬೆಳ್ಳಿಹುಳದ ಪಾಲು.

ಕಾಟನ್‌ಪೇಟೆಯ ಚೌರಪ್ಪನವರಿಗೆ ತೋರಿಸಿದೆ.
ನಲವತ್ತು ವರ್ಷ ಬ್ಲಾಕ್ ಮಾಡಿದ ಕೈ:
ಲಗ್ನಪತ್ರಿಕೆಯ ಗಣಪತಿ, ಬೀಡಿಕಟ್ಟಿನ ನವಿಲು,
ತಿಥಿ ಕಾರ್ಡಿನ ಮೀಸೆಯ ಯಜಮಾನರು.
ಆಫ್‌ಸೆಟ್ ಬಂದ ವರ್ಷ ಸತುವೆಲ್ಲ
ಕೆಜಿ ಲೆಕ್ಕದಲ್ಲಿ ಜಾಲಿ ಮೊಹಲ್ಲಾಕ್ಕೆ ಹೋಯಿತು.
ಉಗುರು ಈಗಲೂ ಹಳದಿ.

ಭೂತಗನ್ನಡಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು.
ಒಳಗೆ ಕುಕ್ಕರು ಎರಡು ಸಲ ಕೂಗಿತು.

"ಕೆನ್ನೇಲಿ ಗೆರೇನೇ ಇಲ್ಲ, ಬರೀ ಚುಕ್ಕಿ, ರಾಗಿ ಚೆಲ್ಲಿದಂಗೆ.
ಅಲ್ಲಿಗೆ ಬೇಗ ವಾರ್ನಿಷ್ ಬಳಿದುಬಿಟ್ಟಿದಾನೆ.
ಕೋಟನ್ನ ಮಾತ್ರ ಇನ್ನೂ ಎರಡು ಸಲ ಮುಳುಗಿಸಿದಾನೆ.
ಕಾಲರ್ ಹತ್ರ ಹೊಗೆ ಥರ ಇದೆಯಲ್ಲ, ಅದು ಕಲೆ ಅಲ್ಲ ಸ್ವಾಮಿ,
ಮೇಣ ಬಿಟ್ಕೊಂಡಿರೋದು.
ಇಲ್ಲಿ ಗೆರೆ ತುಂಡಾಗಿದೆ, ಗುಳ್ಳೆ ಕೂತಿತ್ತು.
ಕೋಳಿಗರಿ ತಗೊಂಡು ಸವರಬೇಕು, ಮಗು ಬಾಯಿ ಒರೆಸಿದಂಗೆ.
ಆಗ ಇವನು ಎಲ್ಲೋ ನೋಡ್ತಿದ್ದ."

ಹಾಳೆ ತೊಡೆಯ ಮೇಲೆ ಇಳಿಯಿತು.
"ನಾವು ಮಾಡ್ತಿದ್ದದ್ದು ಇದರ ಉಲ್ಟಾ.
ಗೆರೆಗೆ ಕೆಂಪು ಪುಡಿ ಹಾಕಿ, ಕಾಯಿಸಿ, ಕಾಪಾಡಿ
ಸುತ್ತಲಿನ ಖಾಲೀನ ಆಸಿಡ್ಡಿಗೆ ಕೊಡ್ತಿದ್ವಿ.
ಇವನು ಖಾಲೀನ ಮುಚ್ಚಿಟ್ಟು
ಮುಖಾನೇ ಕೊಟ್ಟಿದಾನೆ."

ಮತ್ತೆ, ಸ್ವಲ್ಪ ನಗುತ್ತಾ,
"ಗುಂಡಿ ನೋಡಿ, ಹೆಂಗಸರ ಕಡೆಗೆ ಬಿದ್ದಿವೆ.
ಕಂಡಂಗೇ ಗೀರಿದಾನೆ, ತಿರುಗಿಸ್ಕೊಳ್ಳೋ ಗೋಜಿಗೇ ಹೋಗಿಲ್ಲ."

ಹಾಗಾದರೆ ಹುಬ್ಬಿನ ಈ ಗಾಯ
ಹೆಂಡತಿಗೆ, ಸಾಲಗಾರರಿಗೆ, ಇಡೀ ಊರಿಗೆ ಆ ಕಡೆ ಇತ್ತು.
ಈ ಕಡೆ ಕಂಡದ್ದು, ಕ್ಷೌರದ ಕನ್ನಡಿಯಲ್ಲಿ,
ಅವನೊಬ್ಬನಿಗೆ.
ಈಗ ನಮ್ಮಿಬ್ಬರಿಗೆ.

ಹೊರಟಾಗ ಹೊಲಿಗೆ ಮಿಷನ್ನಿನ ಡ್ರಾಯರಿನಿಂದ
ಬೆಂಕಿಪೊಟ್ಟಣದಷ್ಟು ಬ್ಲಾಕು ತೆಗೆದರು.
"ಅಡ್ವಾನ್ಸ್ ಕೊಟ್ಟವರು ತಿರುಗಿ ಬರಲೇ ಇಲ್ಲ. ತೂಕಕ್ಕೆ ಹಾಕೋಕೆ ಆಗಲಿಲ್ಲ."
ಶಾಯಿ ಇಲ್ಲ. ನನ್ನ ಅಂಗೈ ಹಿಡಿದು ಒತ್ತಿದರು,
ಹೆಬ್ಬೆರಳಿನ ಪೂರ್ತಿ ಭಾರ ಬಿಟ್ಟು.
ಒಂದು ಪೇಟ, ಒಂದು ಮೀಸೆ,
ಮೊದಲು ಬಿಳಿಚಿ, ಆಮೇಲೆ ಕೆಂಪಾಗಿ.

ಸುಲ್ತಾನ್‌ಪೇಟೆ ತಿರುವಿನಲ್ಲಿ ಆಟೋಗೆ ಕೈ ಎತ್ತಿದಾಗ ನೋಡಿದೆ:
ಪೇಟ ಹೋಗಿತ್ತು,
ಮೀಸೆ ಇನ್ನೂ ಇತ್ತು.