ಹದಿನಾಲ್ಕು ಕೋಲಿನ ಚೀಲ

ಚೀಲ ಹರಿದಿತ್ತು, ಅಷ್ಟೇ ವಿಷಯ.
ಆಂಡರ್ಸನ್‌ಪೇಟೆಯ ನನ್ನ ಅಂಗಡಿ ಕಟ್ಟೆಗೆ ಒರಗಿಸಿ
ಇನ್ನಾಸಿ ಅಂದ: 'ಜಿಪ್ಪು ಹೊಸದು ಹಾಕಕ್ಕ,
ಒಳಗೆ ಅಡ್ಡಪಟ್ಟಿ ಹೊಲಿ. ಒಂದಕ್ಕೊಂದು ತಾಕಿ
ಗಲಗಲ ಅಂತಾವೆ, ಆಡೋರು ನನ್ನ ಬೈತಾರೆ.'

ಇಪ್ಪತ್ತೆರಡು ವರ್ಷ ರವಿಕೆ ಹೊಲಿದವಳು ನಾನು.
ತೊಡುವವರ ಮೈ ನೋಡದೆ ಕತ್ತರಿ ಆಡಿಸಲಾರೆ.
'ಮೊದಲು ಇವರ ಪರಿಚಯ ಮಾಡಿಸು' ಎಂದೆ.

ಎಲ್ಲಕ್ಕಿಂತ ಉದ್ದನೆಯದನ್ನು ಎಳೆದ. ಡ್ರೈವರ್.
ತಲೆ ಬಲಿತ ಬದನೆಕಾಯಿ, ಎತ್ತಿದರೆ ಒಳಗೆ ಟೊಳ್ಳು.
ಟೇಪು ಹಿಡಿದೆ: ನಲವತ್ತೈದು ಇಂಚು.
'ಮೊದಲ ಏಟು ಇವನದು. ದೂರ ಹೋಗೋನೂ ಇವನೇ,
ದಾರಿ ತಪ್ಪೋನೂ ಇವನೇ.'
ಮನೆಗೊಬ್ಬ ಇರ್ತಾನೆ ಬಿಡು ಅಂಥವನು, ಎಂದೆ.

ಆಮೇಲೆ ಮೂರನೇ ನಂಬರಿನ ವುಡ್.
ವುಡ್ ಅಂದರೆ ಮರ ಅಲ್ಲವೇ? ಬೆರಳಲ್ಲಿ ತಟ್ಟಿದೆ,
ಟಣ್ ಎಂದಿತು.
'ನಮ್ಮಪ್ಪ ದೊರೆಗಳ ಚೀಲ ಹೊರ್ತಿದ್ದಾಗ ಮರ ಇತ್ತಕ್ಕ.
ಈಗ ಉಕ್ಕು. ಹೆಸರು ಹಂಗೇ ಉಳೀತು.'
ರಸ್ತೆಯಲ್ಲಿ ಬಂಗಾರಪೇಟೆ ಬಸ್ಸು ಹೋಯಿತು,
ಹಣೆಯ ಮೇಲೆ ಕೆ.ಜಿ.ಎಫ್. ಅಂತ ಬೋರ್ಡು,
ನಡುವಿನ ಅಕ್ಷರ ಇನ್ನೂ ಚಿನ್ನದ್ದೇ.
ಇಬ್ಬರೂ ನೋಡಿದೆವು. ಇಬ್ಬರೂ ಏನೂ ಅನ್ನಲಿಲ್ಲ.

ಕಬ್ಬಿಣದವು ಬಂದವು, ನನ್ನ ಲೆಕ್ಕ ಕೆಟ್ಟಿತು.
ನಂಬರು ಏರಿದಂತೆ ಕೋಲು ಗಿಡ್ಡ!
ನಾಲ್ಕು, ಐದು, ಆರು, ಅರ್ಧರ್ಧ ಇಂಚು ಇಳಿಯುತ್ತ
ಒಂಬತ್ತರ ಹೊತ್ತಿಗೆ ನನ್ನ ಸೊಂಟದ ಬಳಿ.
ನನ್ನ ಲೋಕದಲ್ಲಿ ಮೂವತ್ತಾರು ಎಂದರೆ
ಮೂವತ್ತನಾಲ್ಕಕ್ಕಿಂತ ಜಾಸ್ತಿ ಬಟ್ಟೆ.
'ಉದ್ದ ಬಿಡಕ್ಕ, ಮುಖ ನೋಡು' ಎಂದ.
ನೋಡಿದೆ. ನಾಲ್ಕರದು
ಚೀಟಿ ದುಡ್ಡು ಕೇಳಲು ಬಂದವರ ಹಾಗೆ ನೆಟ್ಟಗೆ.
ಒಂಬತ್ತು ಆಗಲೇ ಮೋಡ ನೋಡುತ್ತಿತ್ತು.
ಮುಖ ವಾಲಿದಷ್ಟೂ ಚೆಂಡು ಮೇಲೆ,
ಮೇಲೆ ಹೋದಷ್ಟೂ ಬೀಳುವುದು ಹತ್ತಿರ.
ಸೀಮೆಸುಣ್ಣದಲ್ಲಿ ಕ್ಯಾನ್ವಾಸಿನ ಮೇಲೆ ಗೀಚಿಕೊಂಡೆ.

ಸಂಜೆ ಮೈದಾನಕ್ಕೆ ಕರೆದೊಯ್ದ. ಆಚೆ ಸೈನೈಡ್ ದಿಬ್ಬ,
ಗಾಳಿ ಎದ್ದರೆ ಬಾಯಲ್ಲಿ ಬೂದಿಯ ರುಚಿ.
ಕೈಗೆ ಏಳನ್ನು ಕೊಟ್ಟ. 'ಹೊಸಬರಿಗೆ ಇದೇ.
ಏಳು ಯಾರನ್ನೂ ಆಡಿಕೊಳ್ಳಲ್ಲ.'
ಮೊದಲ ಬೀಸು ಗಾಳಿಗೆ. ಎರಡನೆಯದು ಚಪ್ಪಲಿಯ ಪಕ್ಕದ ಮಣ್ಣಿಗೆ.
'ಎತ್ತೋಕೆ ಹೋಗಬೇಡ. ಎತ್ತೋದು ಅದರ ಮುಖದ ಕೆಲಸ,
ನೀನು ಕೆಳಕ್ಕೆ ಹೊಡಿ.'

ಕೆಳಕ್ಕೆ ಹೊಡೆಯುವುದನ್ನು
ಈ ಊರಿಗೆ ಯಾರೂ ಕಲಿಸಬೇಕಿಲ್ಲ.
ನನ್ನ ಸೋದರಮಾವ ಮೂವತ್ತು ವರ್ಷ ಹೊಡೆದ,
ಅವನ ಪಾಲಿಗೆ ಮೇಲೆ ಬಂದದ್ದು ಕೆಮ್ಮು.
ಹೊಡೆದೆ.

ಚೆಂಡು ಎದ್ದಿತು. ನಿಜವಾಗಿ ಎದ್ದಿತು,
ನಾನು ಸೀರೆ ಸೆರಗು ಸೊಂಟದಿಂದ ಬಿಡಿಸುವುದನ್ನೂ ಮರೆತು
ಬಾಯಿ ಬಿಟ್ಟುಕೊಂಡು ನಿಂತೆ.

ಮರಳ ಗುಂಡಿಗೆ ಬೇರೆ ಕೋಲು, ಅಡಿಯಲ್ಲಿ ಸಣ್ಣ ಬೊಜ್ಜು,
ಅದಿಲ್ಲದಿದ್ದರೆ ಮರಳೊಳಗೆ ಹೂತುಹೋಗುತ್ತದಂತೆ.
ಕೊನೆಗೆ ಪಟ್ಟರ್, ಮೂವತ್ತನಾಲ್ಕು.
ಅದಕ್ಕೂ ಮುಂಚೆ ಇನ್ನಾಸಿ ಚಾಪೆಯ ತುಂಡು ಎಳೆದು
ಎಣ್ಣೆ ಬೆರೆಸಿದ ಮರಳನ್ನು ಸಾಪು ಮಾಡಿದ.
ಗ್ರೀನ್ ಎಂದು ಹೆಸರು, ಕಂದು ಬಣ್ಣ.
ನಾನೀಗ ಕೇಳಲಿಲ್ಲ, ಹಸಿರು ಎಲ್ಲಿ ಎಂದು.
'ಇದರಲ್ಲಿ ಹೊಡೆಯೋದಲ್ಲ, ಹೋಗು ಅಂತ ಹೇಳೋದು.'
ಹೇಳಿದೆ. ಚೆಂಡು ಕೇಳಲಿಲ್ಲ.

ಚೀಲದಲ್ಲಿ ಇದ್ದದ್ದು ಹನ್ನೊಂದೇ.
ಹದಿನಾಲ್ಕರವರೆಗೆ ಇರಬಹುದಂತೆ, ಮೇಲೆ ಒಂದೂ ಇಲ್ಲ.
ಹದಿನಾಲ್ಕೂ ಮನೆ ಹೊಲಿದೆ.
ಪಟ್ಟರಿನ ಮನೆಗೆ ಮಾತ್ರ
ಯಾರದೋ ಮದುವೆ ರವಿಕೆಯ ಉಳಿದ ಮಖಮಲ್ಲು.

ಅಳತೆ ಪುಸ್ತಕದಲ್ಲಿ,
ಉರಿಗಾಂ ನರ್ಸಮ್ಮನ ತೋಳಿಗೂ
ಪಾಪಾಳ ಲಂಗಕ್ಕೂ ನಡುವೆ, ಇನ್ನೂ ಇದೆ:
ಏಳು. ಉದ್ದ ಮೂವತ್ತೇಳು.
ಮುಖ ಕೊಂಚ ಮೇಲಕ್ಕೆ.