ಬದಲಿಗೆ

ನಮ್ಮ ಕಖೇತಿಯಲ್ಲಿ ಅಮ್ಮಂದಿರು, ಚಿಲ್ಲರೆ ಎಣಿಸುವ ಅಂಗಡಿಯವರು,
ವ್ಯಾನಿನ ಡ್ರೈವರು ಸಹ
ಮಾತಿನ ಬಾಲಕ್ಕೆ ಒಂದು ಪದ ಕಟ್ಟುತ್ತಾರೆ: ಗೆನಾತ್ಸ್ವಾಲೆ.
ನಿನಗೆ ಬರುವುದು ನನಗೆ ಬರಲಿ, ನಿನ್ನ ಬದಲಿಗೆ ನಾನು.
ಯಾರೂ ಲೆಕ್ಕಕ್ಕಿಡುವುದಿಲ್ಲ.
ಕೊತ್ತಂಬರಿ ಕಟ್ಟು ಕೊಳ್ಳುವಾಗಲೂ ಅಂದುಬಿಡುತ್ತೇವೆ.

ತಿಬಿಲಿಸಿಯ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ನನ್ನೊಬ್ಬಳನ್ನೇ ಕೂರಿಸಿ, ಬಾಗಿಲು ಮುಚ್ಚಿ, ಕೇಳಿದರು:
"ಎತೇರಿ, ಯಾರಾದರೂ ಒತ್ತಾಯ ಮಾಡಿದ್ದಾರಾ?
ಬೇಡ ಅನ್ನಿಸಿದರೆ ಈಗಲೇ ಹೇಳಿ.
ಹೊಂದಾಣಿಕೆ ಆಗಲಿಲ್ಲ ಅಂತ ಸುಳ್ಳು ನಾವು ಹೇಳುತ್ತೇವೆ."

ಎಷ್ಟು ಒಳ್ಳೆಯ ಸುಳ್ಳು.
ಸ್ವಲ್ಪ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ,
ಬೇರೆಯವರ ಮಗುವನ್ನು ಇಟ್ಟುಕೊಂಡ ಹಾಗೆ.

ನನ್ನ ಹೊಲಿಗೆ ಯಂತ್ರ ಮಾರಿದವನು ಶಾಲ್ವಾ.
ಅಮ್ಮ ಹೋದ ನಲವತ್ತನೇ ದಿನ
ಮೇಜಿನ ಕೆಳಗೆ ಗೊರಕೆ ಹೊಡೆದವನು.
ಅದಕ್ಕೂ ಮೊದಲು, ಏಳು ಊರಿಗೆ ತಮದಾ, ಔತಣದ ಯಜಮಾನ.
ಸತ್ತವರ ಹೆಸರಿಗೊಂದು ಬಟ್ಟಲು, ಹುಟ್ಟಲಿರುವವರಿಗೊಂದು,
ಊಟಕ್ಕೆ ಬಾರದ ಶತ್ರುವಿಗೂ ಒಂದು.
ಅಳಿಸಿ, ನಗಿಸಿ, ಎಲ್ಲರೂ ಉರುಳಿದ ಮೇಲೆ
ಒಬ್ಬನೇ ನೆಟ್ಟಗೆ ನಿಂತಿರುತ್ತಿದ್ದ.
ನಮ್ಮಲ್ಲಿ ಅದಕ್ಕೆ ಕುಡಿತ ಅನ್ನುವುದಿಲ್ಲ.
ಹೊಟ್ಟೆ ಬಿಂದಿಗೆಯಾಗಿ, ಕಣ್ಣು ಅರಿಶಿನವಾದ ಮೇಲೂ
ಅನ್ನಲಿಲ್ಲ.

ಆರು ತಿಂಗಳು ಬಿಟ್ಟು ತೋರಿಸಲಿ, ಆಮೇಲೆ ನೋಡೋಣ
ಎಂದರು ಹಿರಿಯ ಡಾಕ್ಟರು.
ಕಿರಿಯವಳು ರಕ್ತದ ವರದಿ ತಿರುವಿ
ಆರು ವಾರ ಇದ್ದರೆ ಹೆಚ್ಚು ಎಂದಳು.
ಈ ಎರಡು ಆರುಗಳ ನಡುವೆ ನಾಲ್ಕು ಸಭೆ ನಡೆದವು.
ನನ್ನನ್ನೂ ಕರೆದು ಕೇಳಿದರು, ಮತ್ತೆ ಕುಡಿಯುತ್ತಾನಾ?

ನಾನು ಗುಡಾಣದ ಕಥೆ ಶುರುಮಾಡಿದೆ.
ಕುತ್ತಿಗೆವರೆಗೆ ನೆಲದಲ್ಲಿ ಹೂತ, ದ್ರಾಕ್ಷಾರಸದ ಮಣ್ಣಿನ ಗುಡಾಣ.
ಒಂಬತ್ತು ವರ್ಷದ ಶಾಲ್ವಾ ಕಡ್ಡಿಯಂತಿದ್ದ,
ಆ ಬಾಯಲ್ಲಿ ತೂರುವವನು ಅವನೊಬ್ಬನೇ.
ಹಗ್ಗ ಕಟ್ಟಿ ಇಳಿಸುತ್ತಿದ್ದರು, ಚೆರ್ರಿ ತೊಗಟೆಯಲ್ಲಿ ಒಳಗೋಡೆ ಉಜ್ಜಲು.
ಒಳಗಿದ್ದವನು ಹಾಡುತ್ತಲೇ ಇರಬೇಕು,
ಹಾಡು ನಿಂತರೆ ಮೇಲಿದ್ದವರು ಕೂಗಬೇಕು.
ಮೇಲಿದ್ದವಳು ನಾನು. ಏಳು ವರ್ಷ.
ಹಾಡು ನಿಂತಿತು.
ನಾನು ಒಂದು ಮಿಡತೆ ನೋಡುತ್ತಿದ್ದೆ.

ಅಪ್ಪ ಓಡಿಬಂದು ಎಳೆದಾಗ
ಆವಿಗೇ ಅಮಲೇರಿ ಅವನು ನಗುತ್ತಿದ್ದ, ತುಟಿ ನೀಲಿ.
ಎಲ್ಲರೂ ನಕ್ಕರು, ಗಂಡಸಾದ ಎಂದರು.

ಡಾಕ್ಟರು ಇದನ್ನೆಲ್ಲ ಬರೆದುಕೊಳ್ಳಲಿಲ್ಲ.
ಒತ್ತಾಯ ಇಲ್ಲ, ಎಂದೆ. ಅದನ್ನು ಬರೆದುಕೊಂಡರು.

ನನ್ನ ಈಲಿಯಲ್ಲಿ ನೂರಕ್ಕೆ ಅರವತ್ತು ಅವನ ಪಾಲಿಗೆ ಹೋಯಿತು.
ಪ್ರೀತಿಯ ಮಾತಿಗೆ ಹೃದಯ ಬೇಕು, ಕರುಳು ಬೇಕು.
ಸದ್ದಿಲ್ಲದೆ ಗೇಯುವ ಈ ಕಂದು ಮುದ್ದೆಯ ಹೆಸರು
ಯಾರ ಬಾಯಲ್ಲೂ ಬರುವುದಿಲ್ಲ.
ಅದೋ, ಕೊಯ್ದ ಕಡೆಯಿಂದಲೇ ಬೆಳೆಯಿತು,
ನನ್ನೊಳಗೂ ಅವನೊಳಗೂ,
ಕೊಯ್ದದ್ದು ಯಾರು, ಯಾಕೆ ಎಂದು ಕೇಳದೆ.

ಈಗ ಮತ್ತೆ ರೊಟ್ಟಿ ಬಡಿಯುತ್ತೇನೆ.
ಬಾವಿಯಂಥ ಒಲೆಯೊಳಗೆ ಸೊಂಟದವರೆಗೆ ಬಾಗಿ
ಹಿಟ್ಟನ್ನು ಗೋಡೆಗೆ ಹಚ್ಚುವಾಗ
ಹೊಲಿಗೆ ಜಗ್ಗುತ್ತದೆ.
ಒಮ್ಮೊಮ್ಮೆ ಕೆಂಡದ ಕಡೆ ನೋಡುತ್ತಾ ಬೈಯುತ್ತೇನೆ ಅವನನ್ನು,
ಹೆಸರು ಹಿಡಿದೇ.

ಈ ಸಲದ ಸುಗ್ಗಿಗೆ ಅವನನ್ನು ಮತ್ತೆ ಮೇಜಿನ ತಲೆಗೆ ಕೂರಿಸಿದರು.
ನೀರೆತ್ತಿ ಹರಸಿದರೆ ಅಪಶಕುನ, ಒಂದು ಬೆರಳಷ್ಟು ತಗೋ,
ದೇವರೇ ಕ್ಷಮಿಸುತ್ತಾನೆ ಎಂದ ಪಕ್ಕದ ಮನೆ ಬೋಂದೋ.
ಶಾಲ್ವಾ ಎದ್ದು ಹೊರಗೆ ಹೋದ.
ಬಹಳ ಹೊತ್ತು ಬರಲಿಲ್ಲ.

ಹುಡುಕುತ್ತಾ ಹೋದೆ. ಗುಡಾಣಗಳ ಕೊಟ್ಟಿಗೆಯ ಬಾಗಿಲಲ್ಲಿ
ಕತ್ತಲಿಗೆ ಬೆನ್ನು ಮಾಡಿ ನಿಂತಿದ್ದ,
ಎಂಟು ಗಂಟೆಯ ಮಾತ್ರೆ ಅಂಗೈಯಲ್ಲಿ.
ಕೆನ್ನೆಗೆ ಮುತ್ತಿಡುವ ನೆಪದಲ್ಲಿ
ದಿನಾ ಮಾಡುವ ಹಾಗೆ ಅವನ ಉಸಿರು ಮೂಸಿದೆ.
ಅವನಿಗೆ ಗೊತ್ತು.
ಹಲ್ಲುಜ್ಜಿ ಬಂದ ಮಗುವಿನಂತೆ ಬಾಯಿ ಅಗಲಿಸಿ
"ಹಾ" ಎಂದ.

ಎಷ್ಟೋ ಹೊತ್ತು ತೆರೆದೇ ಇಟ್ಟಿದ್ದ.
ಹಾಡು, ಎಂದೆ.